ಎಡಗಿವಿ ಬಿದ್ದಿದ್ದ ನಾಯಿ

ನನ್ ನಾಯಿ ಅಲ್ಲ ಕಣ್ಲಾ ಮಜೀದ! ಇನ್ನೆಷ್ಟು ದಪ ಏಳಿಸ್ತೀಯ ನನ್ ಬಾಯಲ್ಲಿ? ಸಿವರಾತ್ರಿ ಆಗಿ ಒಂದೂವರೆ ತಿಂಗ್ಳಾಯ್ತು, ಮಣಿಕಟ್ಟಿನ ಗಾಯ ಒಣಗಿ ಚಕ್ಕೆ ಉದುರೋಯ್ತು. ಈಗ ಮಳವಳ್ಳಿಯಿಂದ ಈ ಪೂರಿಗಾಲಿ ಗಂಟ ಗಾಡಿ ಕಟ್ಟಿಸ್ಕಂಡು, ಎಡ್ತೀನೂ ಕೂರಿಸ್ಕಂಡು ಬಂದಿದ್ದೀಯಲ್ಲ, ಇದೊಂದ್ ಮಾತ್ ಕೇಳಕ್ಕೆ? ಜೈನಾಬ್ ಬೀ ಯಾಕೆ ಗಾಡೀಲೇ ಕುಂತವ್ಳೆ, ಒಳಿಕ್ ಬಾ ಅನ್ನು. ಬ್ಯಾಡ್ವಾ? ಓಗ್ಲಿ ಬುಡು, ಹೊಂಗೆ ನೆಳ್ಳೈತೆ.

ಏನಂದೆ? ಗಾಯ ಆಗಿದ್ ಜಾಗ ಜುಮುಜುಮು ಅಂತದಾ? ಸುತ್ತಿಗೆ ಇಡಿಯಕ್ಕಾಗಕಿಲ್ವಾ? ಲೇ, ವರ್ಸವೆಲ್ಲ ಎತ್ತಿನ ಗೊರಸಿಗೆ ಲಾಳ ಬಡೀತೀಯ, ಕೈ ಜುಮ್ ಅನ್ದೆ ಸಂಗೀತ ಆಡ್ತದಾ? ನಗು ಒಸಿ. ನಗಾಕೂ ಕಾಸು ಕೇಳ್ತೀಯೇನ್ಲಾ?

ನೋಡು, ನೀನೇ ಏಳ್ದೋನು. ಇದೇ ಊರಲ್ಲಿ ಎತ್ತು ಕೆಡವಿ, ಕಾಲು ಕಟ್ಟಿ, ಲಾಳ ಒಡೀತಾ ಕುಂತಿದ್ದೆ, ಕಬ್ಬಿನ ಗದ್ದೆಯಿಂದ ನಾಯಿ ಬಂತು, ಕಚ್ತು, ತಿರುಗಾ ಕಬ್ಬೊಳಿಕ್ ನುಗ್ತು, ಕಂದು ಬಣ್ಣ, ಎಡಗಿವಿ ಜೋತ್ ಬಿದ್ದಿತ್ತು ಅಂತ. ಅಂದ್ಯೋ ಇಲ್ವೋ? ನನ್ ಕೆಂಚನ್ನ ಸಂಕ್ರಾಂತೀಲಿ ನೀನೇ ಕಣ್ಣಾರೆ ನೋಡಿದ್ದೆ. ಎಲ್ಡೂ ಕಿವಿ ಎಂಗ್ ನಿಂತಿದ್ವು? ಜೋಳದ ಪೈರು ನಿಂತಂಗೆ! ಈ ಊರಲ್ಲಿ ಎಡಗಿವಿ ಬಿದ್ದಿರೋ ಕಂದು ನಾಯಿ ಒಂದೇ, ಮರಿತಾಯಮ್ಮಂದು. ಬೊಟ್ಟು ಮಾಡಿ ತೋರ್ಸಿದ್ದೋನು ನಾನೇ. ಆಸ್ಪತ್ರೆ ಕಾಂಪೌಂಡ್ರು ಏನಂದ? ಅತ್ತು ದಿನ ಕಟ್ಟಾಕಿ ನೋಡಿ, ನಾಯಿ ಸಾಯ್ಲಿಲ್ಲ ಅಂದ್ರೆ ಅದು ಹುಚ್ಚುನಾಯಿ ಅಲ್ಲ, ಮಂಡ್ಯದಾಸ್ಪತ್ರೇಲಿ ಹೊಕ್ಕಳ ಸುತ್ತ ಹದಿನಾಕು ಸೂಜಿ ಚುಚ್ಚಿಸ್ಕಳಾದು ಬ್ಯಾಡ ಅಂದ. ಅತ್ತು ದಿನ ಕಟ್ಟಾಕಿದ್ವೋ ಇಲ್ವೋ? ಸತ್ತೋಯ್ತಾ? ಅಗೋ, ಅಲ್ ನೋಡು, ತಿಪ್ಪೆ ಮ್ಯಾಲೆ ಎಂಗ್ ಕೆರ್ಕತಾ ಬಿದ್ದದೆ ಮುದಿಮುಂಡೇದು. ಇನ್ನ ಎದೆ ಮ್ಯಾಲೆ ಕೈ ಮಡಿಕ್ಕಂಡ್ ಮನೀಕಳಪ್ಪ ನೀನು.

ನನ್ ಕೆಂಚ ಕಚ್ಚಿದ್ರೆ ನಿನ್ ಕೈ ಇರ್ತಿತ್ತೇನ್ಲಾ? ಮುಂಗೈ ಇಷ್ಟೊತ್ಗೆ ಕಬ್ಬಿನ ಗದ್ದೇಲಿ ಮೊಳಕೆ ಬಂದಿರದು! ಆ ಮರಿ ಆರ್ಸಿದ್ ಕತೆ ಏಳಿದ್ನಾ ನಿಂಗೆ? ಏಳಿದ್ರೂ ಕೇಳು. ದೀಪಾವಳೀಲಿ ನನ್ ಎಣ್ಣುನಾಯಿ ಏಳು ಮರಿ ಆಕ್ತು. ಒಂದೊಂದ್ನೂ ಎಲ್ಡ್ ಕಿವಿ ಇಡ್ದು ಎತ್ತಿ, ಗಾಳೀಲಿ ಗಿರಗಿರ ತಿರುಗಿಸ್ದೆ. ಕುಂಯ್ ಅಂದಿದ್ನೆಲ್ಲಾ ಸೀದಾ ನಾಲೆಗೆಸ್ದೆ. ಆರೂ ಕೊಚ್ಕಂಡೋದ್ವು. ಯಾಕ್ ಮಕ ಕಿವುಚ್ತೀಯ? ಬೇಟೆ ಆಡೋನು ಇಂಗೇ ಕಣಪ್ಪ ಆರ್ಸದು. ಉಸ್ರು ಬುಡ್ದೆ ಇದ್ದದ್ದು ಕೆಂಚ ಒಂದೇಯ. ಕಿವಿ ಬೇರಿಂದ ರಕ್ತ ಸೋರ್ತಾ ಅದೆ, ನನ್ನೇ ದುರುಗುಟ್ಕಂಡ್ ನೋಡ್ತದೆ! ಅವತ್ತೇ ಅಂದೆ, ಇದು ನನ್ ಮಗ ಅಂತ.

ಮೂರು ತಿಂಗ್ಳಿಗೇ ನರಿ ಕೆಡವ್ತು ಕಣ್ಲಾ ಅದು! ಸಂಕ್ರಾಂತಿ ಆಗಿ ನಾಕ್ ದಿನ. ಮಟಮಟ ಮದ್ಯಾನ, ಊರ್ ಮದ್ಯಕ್ಕೇ ಬಂತು ನರಿ. ಜನ ಕಂಡ್ರೆ ಎದ್ರಿಕೇನೇ ಇಲ್ಲ. ಬಾಯ್ ತುಂಬ ಜೊಲ್ಲು. ಬೀರಮ್ಮನ ಕರೂನ ಸಿಗೀತು, ಒರಳು ಕಲ್ಲನ್ನೇ ಕಚ್ತು. ನನ್ ಕೆಂಚ ಒಂದೇ ನೆಗೆತಕ್ಕೆ ಗಂಟ್ಲಿಗೆ ಬಿತ್ತು. ನರಿ ಇದರ ಮೂತಿ ಅರೀತು, ಇದು ಅದರ ಗಂಟ್ಲು ಅರೀತು. ನರಿ ತಲೆ ಒಂದ್ ಕಡೆ, ಮುಂಡ ಒಂದ್ ಕಡೆ! ಮುಂಡ ನಾಲೆ ಗಂಟ ಓಡೋಗಿ ಬಿತ್ತು... ಓಗ್ಲಿ, ಅಷ್ಟ್ ದೂರ ಇಲ್ಲ ಅನ್ಕೊ. ಬೇಲಿ ಗಂಟ ಓಡ್ತು.

ಏನ್ಲಾ, ಉಗುಳು ನುಂಗಕ್ ಇಷ್ಟ್ ಯೋಚ್ನೆ ಮಾಡ್ತೀಯ?

ಕಿವಿ ಇಸ್ಯ ಏಳ್ತಿದ್ದೆ ಅಲ್ವಾ. ನಿಮ್ಗೇನ್ ಗೊತ್ತು ಬುಡು, ನಿಮ್ ಕೇರೀಲಿ ನಾಯಿ ಮುಟ್ಟಕಿಲ್ಲ. ಮರಿ ಉಟ್ದಾಗ ಕಿವಿ ಮುಚ್ಕಂಡಿರ್ತವೆ, ಬಿದಿರು ತಟ್ಟಿ ಬಡಿದ್ರೂ ಕೇಳಕಿಲ್ಲ. ಎಲ್ಡ್ ವಾರಕ್ ತೂತು ಬುಡ್ತವೆ. ಆವಾಗ ಅವರೆಕಾಯಿ ಸಿಪ್ಪೆ ಅಂಗೆ ಜೋತಾಡ್ತಿರ್ತವೆ. ಮೂರ್ ತಿಂಗ್ಳಿಗೆ ಬುಡ ಗಟ್ಟಿಯಾಗಿ ಎದ್ ನಿಂತ್ಕತವೆ. ಅಷ್ಟಕ್ಕೇ ಮುಗೀತು ಅಂತವ್ರೆ ತಿಳೀದೋರು. ಮುಗೀಲಿಲ್ಲ! ಹಾಲಲ್ಲು ಉದುರಿ ಗಟ್ಟಲ್ಲು ಬರೋ ಕಾಲಕ್ಕೆ ಮೈಯಾಗಿನ ಕಸುವೆಲ್ಲ ಹಲ್ಲಿನ ಕಡೀಕ್ ಓಯ್ತದೆ ನೋಡು, ನಿಂತಿದ್ ಕಿವಿ ತಿರುಗಾ ಬೀಳ್ತವೆ. ಒಂದ್ ನಿಂತಿರ್ತದೆ, ಒಂದ್ ಬಿದ್ದಿರ್ತದೆ. ತಿಂಗ್ಳು ಆಗ್ಲಿ, ಒಂದೂವರೆ ತಿಂಗ್ಳು ಆಗ್ಲಿ, ಹಲ್ಲು ಬಂದ್ಮೇಕೆ ತಿರುಗಾ ಏಳ್ತವೆ. ನನ್ ಕೆಂಚಂಗೂ ಅಂಗೇಯ, ಸಿವರಾತ್ರಿ ಒತ್ಗೆ ಎಡಗಡೇದು...

...

ಯಾಕ್ಲಾ ಅಂಗ್ ನೋಡ್ತೀಯ? ಬಲಗಡೇದು ಅನ್ನಕ್ ಓದೆ. ಬಲಗಡೇದೇ ಬಿದ್ದಿದ್ದು. ಅದೂ ಒಂದೇ ದಿನ ಕಣ್ಲಾ, ಮಾರನೇ ದಿನವೇ ಎದ್ ನಿಂತ್ತು.

ಎಲ್ಲೈತೆ ನಾಯಿ ಅಂತ ಕೈ ಆಡಿಸ್ತೀಯಾ? ಇಲ್ಲ. ಸತ್ತೋಯ್ತು. ಇನ್ನೆಂಗ್ ಸತ್ತದು, ಕಾಡಂದಿ ಸಿಗೀತು! ಕಬ್ಬಿನ ಗದ್ದೆಗೆ ನುಗ್ಗಿತ್ತಲ್ಲ, ಗಾಣದಷ್ಟು ಗಾತ್ರ, ಕೋರೆ ಒಂದೊಂದು ಮೊಳ. ಬರ್ಜೀಲಿ ತಿವಿದ್ರೆ ಬರ್ಜೀನೇ ಬಗ್ಗೋಯ್ತು. ಕೆಂಚ ಅದರ ಕಿವಿ ಕಚ್ಕಂಡು ನೇತಾಡ್ತಾ ಅದೆ. ಅಂದಿ ಒಂದ್ಸಲ ತಲೆ ಒದರ್ತು, ಕೆಂಚನ ಒಟ್ಟೆ ಸೀಳ್ತು, ಕರುಳೆಲ್ಲ ಕಬ್ಬಿನ ರವುದಿ ಮ್ಯಾಲೆ. ನಾನು ಬರಿಗೈಲಿ ಕೋರೆ ಇಡ್ದೆ, ಮುರುದೆ, ಅದೇ ಕೋರೇಲಿ ಅದರ ಕಣ್ಣಿಗೇ ಚುಚ್ದೆ! ರಕ್ತ ಈ ಮೊಳಕಾಲ್ ಗಂಟ. ಯಾವತ್ತಾ? ಸಿವರಾತ್ರಿ ಆದ ನಾಕನೇ...

ಬೆರ್ಳು ಯಾಕ್ ಎಣಿಸ್ತೀಯ? ನಿಂಗ್ ಕಚ್ಚಿದ್ದು ಸಿವರಾತ್ರಿ ಮಾರನೇ ದಿನ, ಒಪ್ಕತೀನಿ. ಅದಾಗಿ ಮೂರ್ ದಿನ. ಅದಕ್ಕೇನೀಗ? ಅಂದಿ ಏನು ಪಂಚಾಂಗ ನೋಡ್ಕಂಡ್ ಬತ್ತದಾ? ಕೇಳು ಬೇಕಾದ್ರೆ, ಊರೋರ್ನ ಕೇಳು. ಯಾರ್ನ... ಅವತ್ತು ನಾನೊಬ್ನೇ ಓಗಿದ್ದೆ.

ಬಯ್ಯಿ ಮತ್ತೆ. ಸುಳ್ಳು ಬುಡ್ತೀಯ ಮುದ್ಕ ಅಂತ ಯಾವಾಗ್ಲೂ ಬಯ್ಯೋನು, ಬಾಯ್ ಯಾಕ್ ಒಲ್ಕಂಡಿದ್ದೀಯ? ಬೆವ್ತಿದ್ದೀಯಲ್ಲಪ್ಪ, ಬಿಸಿಲಲ್ ಬಂದಿದ್ದೀಯ. ತಡಿ, ಟವಲಲ್ಲಿ ಗಾಳಿ ಬೀಸ್ತೀನಿ...

ಏ! ಏನಾಯ್ತು? ಗಾಳಿ ಸೋಕಿದ್ಕೆ ಯಾಕಂಗೆ ಬೆಚ್ಚಿ ಬಿದ್ದೆ? ಕತ್ತು ಯಾಕ್ ಇಡ್ಕತೀಯ? ಬೀಸಕಿಲ್ಲ ಬುಡು, ಬೀಸಕಿಲ್ಲ. ಬಾಯಿ ಒಣಗದೆ ನಿಂಗೆ. ತಕೋ, ಗಡಿಗೆ ನೀರು, ತಣ್ಣಗೈತೆ, ಒಂದ್ ಗುಟುಕು... ಕುಡಿ. ಕುಡೀಲಾ.

ಮಕ ತಿರುಗಿಸ್ಬ್ಯಾಡ. ಮಜೀದ. ನನ್ ಕಡೆ ನೋಡು. ಲೋಟ ತುಟೀಗೂ ಮುಟ್ಟಿಲ್ಲ, ಗಂಟ್ಲು ಯಾಕ್ ಅಂಗ್ ಎಳೀತದೆ?

ಅಯ್ಯೋ ಸಿವನೆ.

ಎಸ್ದೆ, ನೋಡು, ಎಸ್ದೆ ನೀರ. ಇಲ್ಲ ಈಗ ನೀರು. ನಡುಗ್ಬ್ಯಾಡ.

ಕೆಂಚನೂ ಇಂಗೇ ನಡುಗ್ತು ಕಣ್ಲಾ. ಕಲಗಚ್ಚಿನ ಬಾನಿ ಮುಂದೆ ನಿಂತ್ಕಂಡು, ನೀರ್ ಬೇಕು ಅದ್ಕೆ, ನೀರ್ ಕಂಡ್ರೆ ಆಗಕಿಲ್ಲ. ಅಂದಿ ಇಲ್ಲ, ಬರ್ಜಿ ಇಲ್ಲ. ಕೊಟ್ಟಿಗೆ ಕಂಬ ಕಡೀತಾ ಇತ್ತು, ಬಾಯಲ್ಲಿ ರಕ್ತ, ನೊರೆ. ನನ್ ಗುರ್ತೇ ಸಿಗ್ಲಿಲ್ಲ ಅದಕ್ಕೆ. ಒನಕೆ ತಕಂಡು ಬಡ್ದೆ. ಒಂದೇಟಿಗೆ ಸಾಯ್ಲಿಲ್ಲ. ಎಷ್ಟ್ ಬಡಿದ್ನೋ. ಆ ಎಡಗಿವಿ... ಅದು ಜೋತೇ ಇತ್ತು. ಮಾರನೇ ದಿನ ಎದ್ ನಿಂತ್ತು ಅಂದ್ನಲ್ಲ, ಇಲ್ಲ, ಏಳ್ಲೇ ಇಲ್ಲ. ಮಣ್ ಮಾಡೋಕ್ ಮುಂಚೆ ಕುಡ್ಲಲ್ಲಿ ಎಲ್ಡೂ ಕಿವಿ ಕೊಯ್ದು ನಾಲೆಗಾಕ್ದೆ, ಯಾರಾರ ಅಗೆದ್ರೂ ನಿನ್ ಕಚ್ಚಿದ್ ನಾಯಿ ಇದೇ ಅಂತ ಗೊತ್ತಾಗ್ಬಾರ್ದು ಅಂತ.

ಅವತ್ತೇ ನಿಂಗೆ ಏಳ್ಬೌದಿತ್ತು. ಮೂರೇ ದಿನ ಆಗಿತ್ತು, ಮಂಡ್ಯಕ್ಕೆ ಓಗಿದ್ರೆ ಸೂಜಿಗೆ ಬದ್ಕತಿದ್ದೆ. ಮರಿತಾಯಮ್ಮನ ನಾಯಿ ಕಟ್ಟಾಕಿದ್ ಕಡೆ ದಿನಾ ಓಗಿ, ಮುದ್ದೆ ತಿಂತಾ ಅದೆ, ಚೆನ್ನಾಗದೆ ಅಂತ ನಿಂಗ್ ಏಳ್ಕಳಿಸ್ತಿದ್ದೋನೂ ನಾನೇ. ಮದ್ದೂರ್ ಗಂಟ ಎಸ್ರು ಕಣ್ಲಾ ನನ್ ನಾಯಿಗಳ್ದು... ಈ ಚಿಕ್ಕಬೋರಯ್ಯ ಬೆಳೆಸಿದ್ದು ಹುಚ್ಚು ನಾಯಿ ಅನ್ನಿಸ್ಕಳದು ಎಂಗೆ ಅಂತ...

ಬಯ್ಯಿ. ಒಡಿ. ಸುತ್ತಿಗೆ ಚೀಲದಾಗೇ ಐತಲ್ಲ, ಒಡೀಲಾ ನನ್ನ.

ಜೈನಾಬ್ ಬೀ ಗಾಡಿ ಇಳೀತಾವ್ಳೆ. ಇರು, ನೀನ್ ಏಳ್ಬ್ಯಾಡ, ಕೂತ್ಕೊ. ನಾನೇ ಏಳ್ತೀನಿ ಆ ಯಮ್ಮಂಗೆ, ಎಲ್ಲಾನೂವೆ.

ಬಾರವ್ವ, ಒಳಿಕ್ ಬಾ... ಆ ನೀರಿನ ಚೆಂಬು ಬ್ಯಾಡ ಕಣವ್ವ. ಅಲ್ಲೇ ಮಡಗ್ಬುಟ್ಟು ಬಾ.