ಅಡಾಪ್ಟರಿನ ಮೇಲಿನ ಕರ್ಚೀಫು

ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಕೈರೋದಲ್ಲಿ ನಾಲ್ಕು ವರ್ಷ ಭೌತಶಾಸ್ತ್ರ ಓದಿದವನು. ಇದು ನನ್ನ ದೊಡ್ಡಪ್ಪನ ಮಗ ವಗ್ದಿಗೆ ಆದದ್ದು, ಆಗ ನಾನು ಪಕ್ಕದಲ್ಲಿದ್ದೆ. ಅದಕ್ಕೇ ಹೇಳುತ್ತಿದ್ದೇನೆ.

ತೊಂಬತ್ತಮೂರನೇ ಇಸವಿ, ಪೋರ್ಟ್ ಸೈದ್. ನಮಗಿಬ್ಬರಿಗೂ ಹದಿಮೂರು. ಕಾಲುವೆಯಾಚೆ ಅಜ್ಜನ ಮನೆಯಲ್ಲಿ, ತೀರಿಕೊಂಡ ನಮ್ಮ ಗೆಳೆಯ ಸಮೀಹ್‌ನ ನಲವತ್ತನೇ ದಿನದ ಕುರಾನ್ ಪಠಣ. ದೊಡ್ಡವರು ಅಲ್ಲೇ ಉಳಿದರು. ನಾವಿಬ್ಬರೇ ದೋಣಿ ಇಳಿದು ನಡೆದು ಬರುತ್ತಿದ್ದೆವು. ಹನ್ನೊಂದು ದಾಟಿತ್ತು. ಉದ್ಯಾನದ ಮೂಲೆಯ ಆಲದ ಮರದ ಕೆಳಗೆ ವಗ್ದಿ ನಿಂತುಬಿಟ್ಟ.

"ಕೇಳಿಸ್ತಾ?"

"ಏನು?"

"ಟಿ...ಡಿಂಗ್. ನಿಂತ ಆಟ ಮತ್ತೆ ಶುರುವಾಗೋ ಸದ್ದು."

"ಹಡಗಿನ ಗಂಟೆ ಕಣೋ. ನಡಿ."

ಯಾವ ಆಟ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಸಮೀಹ್‌ನ ಹತ್ತಿರ ವಿಡಿಯೋ ಗೇಮಿನ ಒಂದು ಹಳದಿ ಕ್ಯಾಸೆಟ್ ಇತ್ತು. ತರಗತಿಯಲ್ಲಿ ತೂಕಡಿಸುವ ಹುಡುಗನ ಆಟ. ಕನಸಿನಲ್ಲಿ ಅವನು ಕತ್ತಿ ಹಿಡಿದು ರಾಕ್ಷಸರನ್ನು ಕಡಿಯುತ್ತಾನೆ. ಸೋತರೆ ಮೇಷ್ಟ್ರು ಎಬ್ಬಿಸಿ ಬೈಯುತ್ತಾರೆ. ಸಮೀಹ್‌ನದೂ ಅದೇ ಕತೆ, ರಾಕ್ಷಸರು ಮಾತ್ರ ಇರಲಿಲ್ಲ. ಅವನ ಮನೆಯಲ್ಲಿ ಟೀವಿಗೆ ಅಪ್ಪನ ಕಾವಲು. ಹಾಗಾಗಿ ವಗ್ದಿಯ ಮನೆಯಲ್ಲಿ, ವಗ್ದಿಯ ಯಂತ್ರದಲ್ಲಿ ಆಡುತ್ತಿದ್ದ.

ಆಟವನ್ನು ಉಳಿಸಿಡುವ ವ್ಯವಸ್ಥೆ ಆ ಕ್ಯಾಸೆಟ್ಟಿಗೆ ಇರಲಿಲ್ಲ. ಸ್ವಿಚ್ಚು ಆರಿಸಿದರೆ ಮತ್ತೆ ಮೊದಲಿನಿಂದ. ಅದಕ್ಕೆ ನಮ್ಮ ಬೀದಿಯ ಮಕ್ಕಳೆಲ್ಲ ಆಟವನ್ನು ನಡುವೆ ನಿಲ್ಲಿಸಿ, ಟೀವಿ ಮಾತ್ರ ಆರಿಸಿ, ಯಂತ್ರವನ್ನು ರಾತ್ರಿಯಿಡೀ ಹಾಗೇ ಬಿಡುತ್ತಿದ್ದರು. ಅಡಾಪ್ಟರ್ ಸುಡಬಾರದೆಂದು ಮೇಲೊಂದು ಒದ್ದೆ ಬಟ್ಟೆ. ಅಪಾಯದ ಕೆಲಸ, ಆದರೆ ಎಲ್ಲರೂ ಮಾಡುತ್ತಿದ್ದರು. ಸಮೀಹ್ ತನ್ನ ನೀಲಿ ಅಂಚಿನ ಕರ್ಚೀಫನ್ನು ನೆನೆಸಿ ಹಾಸುತ್ತಿದ್ದ.

"ಕೊನೇ ರಾಕ್ಷಸ ಒಬ್ನೇ ಉಳಿದಿರೋದು. ಮುಟ್ಬೇಡ್ರೋ," ಎಂದು ಒಂದು ರಾತ್ರಿ ಹೇಳಿ ಹೋದ.

ವಗ್ದಿಗೆ ಮೂರನೇ ಹಂತವೇ ದಾಟಲು ಬರುತ್ತಿರಲಿಲ್ಲ. ನನ್ನ ಕಣ್ಣೆದುರೇ ಪ್ಲಗ್ ಕಿತ್ತ.

ಮರುದಿನ ಸಮೀಹ್ ಬಂದ.

"ಕರೆಂಟ್ ಹೋಗಿತ್ತು," ಅಂದ ವಗ್ದಿ. "ಆಣೆಗೂ. ಬೇಕಾದ್ರೆ ಇವನ್ನ ಕೇಳು."

ನಾನು ತಲೆ ಆಡಿಸಿದೆ.

"ನಮ್ಮದೂ ಇದೇ ಲೈನು," ಅಂದ ಸಮೀಹ್. "ನಮ್ಮಲ್ಲಿ ಹೋಗ್ಲಿಲ್ವಲ್ಲ..."

ಜಗಳ ಆಡಲಿಲ್ಲ. ಕ್ಯಾಸೆಟ್ಟನ್ನೂ ಕರ್ಚೀಫನ್ನೂ ಅಲ್ಲೇ ಬಿಟ್ಟು ಹೋದ. ಮೂರು ದಿನಕ್ಕೆ ಜ್ವರ. ಹತ್ತನೇ ದಿನ ತೀರಿಕೊಂಡ. ಪ್ಲಗ್ಗಿಗೂ ಜ್ವರಕ್ಕೂ ಸಂಬಂಧವಿಲ್ಲ. ಅಷ್ಟು ವಿಜ್ಞಾನ ನನಗೂ ಗೊತ್ತು. ಗೊತ್ತಿದ್ದೂ ನಿದ್ದೆ ಬರುತ್ತಿರಲಿಲ್ಲ. ವಗ್ದಿ ಯಂತ್ರ, ವೈರು, ಒಣಗಿದ ಕರ್ಚೀಫು ಎಲ್ಲವನ್ನೂ ಅಲಮಾರಿನ ಮೇಲೆ ಎತ್ತಿಟ್ಟ.

ನಲವತ್ತನೇ ದಿನ ಸಮೀಹ್‌ನ ತಾಯಿಯ ಮುಂದೆ ನಿಜ ಹೇಳಿಬಿಡುವುದೆಂದು ಹೊರಟಿದ್ದೆವು. ಆಕೆಯೇ ಮೊದಲು ಕೇಳಿದಳು.

"ಜ್ವರದಲ್ಲೂ ಅದನ್ನೇ ಕನವರಿಸ್ತಿದ್ದ ಕಣಪ್ಪಾ. ಆ ಆಟ ಮುಗಿಸಿದ್ನಾ?"

ವಗ್ದಿ ನನ್ನನ್ನು ನೋಡಿದ. ನಾನು ಚಹಾದ ಲೋಟ ನೋಡಿದೆ.

"ಮುಗಿಸ್ದ, ಚಿಕ್ಕಮ್ಮ," ಅಂದ ವಗ್ದಿ.

ಆ ಸುಳ್ಳು ಹೇಳಿ ಬರುವಾಗಲೇ ಆಲದ ಕೆಳಗೆ ಆ ಸದ್ದು. ಅಲ್ಲಿಂದ ಮನೆಯವರೆಗೂ ಬಿರುಸು ನಡಿಗೆ. ಚಪ್ಪಲಿ ಟಪ್... ಟಪ್...

ಬೀಗ ತೆಗೆದದ್ದು ವಗ್ದಿ. ಒಳಗೆ ಯಾರೂ ಇಲ್ಲ. ಕುರ್ಚಿ ಹತ್ತಿದ ವಗ್ದಿ ಅಲಮಾರಿನ ಮೇಲೆ ಕೈಯಿಟ್ಟು ಥಟ್ಟನೆ ಹಿಂತೆಗೆದ.

"ನೀನೇ ತೆಗಿಯೋ..."

ತೆಗೆದೆ. ಯಂತ್ರದ ಮೇಲೆ ನಲವತ್ತು ದಿನದ ಧೂಳು. ವೈರು ಸುತ್ತಿದ್ದು ಸುತ್ತಿದಂತೆಯೇ ಇತ್ತು, ಪ್ಲಗ್ ನನ್ನ ಕೈಯಲ್ಲಿ. ಅಡಾಪ್ಟರ್ ಬಿಸಿಯಿತ್ತು, ರಾತ್ರಿಯಿಡೀ ಉರಿದ ಹಾಗೆ. ಮಾಡು ಸೋರಿದ್ದಿಲ್ಲ, ನೋಡಿದ್ದೇನೆ. ಇಲಿ ಪ್ಲಗ್ ಹಾಕುವುದಿಲ್ಲ. ಬೇರೆ ಕಾರಣ ನಿಮಗೆ ಹೊಳೆದರೆ ನನಗೂ ಹೇಳಿ. ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ.

ಅಡಾಪ್ಟರಿನ ಮೇಲೆ ಆ ನೀಲಿ ಅಂಚಿನ ಕರ್ಚೀಫು ಹಾಸಿತ್ತು. ಹಿಂಡಿದೆ. ನೆಲದ ಮೇಲೆ ನಾಲ್ಕು ಹನಿ ನೀರು ಬಿತ್ತು. ನಾನೇ ಎಣಿಸಿದ್ದೇನೆ.