ಕೊಂಡಿಯ ಗುರುತು

ಪುತ್ತೂರಿನಿಂದ ಕಡಬಕ್ಕೆ ಹೋಗುವ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವರ ಮೊಬೈಲಿನಲ್ಲಿ ಹಳೆಯ ಚಿನ್ನದ ನಾಣ್ಯವೊಂದರ ಚಿತ್ರ. ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಷಟ್ಪದಿ ಅರ್ಧಕ್ಕೇ ನಿಂತಿತು.

“ಇದು ಅಮ್ಮನದ್ದೇ,” ಎಂದಳು ಹೆಂಡತಿ. “ಕಳೆದುಹೋಯಿತು ಅಂತ ಅಣ್ಣ ದೇವರ ಮುಂದೆ ಆಣೆ ಹಾಕಿದ್ದ. ಈಗ ಹರಾಜಿಗೆ ಇಟ್ಟಿದ್ದಾನೆ.”

“ಭಾವನೇ ಇಟ್ಟದ್ದು ಅಂತ ಹೇಗೆ ಗೊತ್ತು?”

“ಅತ್ತಿಗೆಯೇ ಬಾಯಿ ಬಿಟ್ಟರು.”

“ಲೆಕ್ಕ ಹಾಕು ಕೌಸಲ್ಯಾ. ಎರಡು ಲಕ್ಷಕ್ಕೆ ಕೂಗಿದರೆ ಅದರ ಮೇಲೆ ಹರಾಜಿನವರ ಕಮಿಷನ್ ಇಪ್ಪತ್ತು ಪರ್ಸೆಂಟ್. ಟ್ಯಾಕ್ಸ್ ಬೇರೆ. ಎರಡೂವರೆ ದಾಟುತ್ತದೆ.”

“ದಾಟಲಿ.”

“ದುಡ್ಡು ಹೋಗುದು ಎಲ್ಲಿಗೆ ಮಾರಾಯ್ತಿ? ಭಾವನ ಕಿಸೆಗೇ!”

“ಗೊತ್ತುಂಟು. ಅದಕ್ಕೇ ಹರಾಜಿನವರಿಗೆ ಅಮ್ಮನ ಮದುವೆ ಫೋಟೋ ಕಳಿಸಿದೆ.”

“ಅದೆಂತಕ್ಕೆ?”

“ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿಯನ್ನು ಅಣ್ಣ ತೆಗೆಸಿ, ಪಾಲಿಶ್ ಹೊಡೆಸಿದ್ದಾನೆ. ಫೋಟೋದಲ್ಲಿ ಕೊಂಡಿ ಕಾಣುತ್ತದೆ. ಅವರು ಪುನಃ ಪರೀಕ್ಷೆ ಮಾಡಿ ಬೆಸುಗೆಯ ಗುರುತು ಹಿಡಿದರು, ನಿನ್ನೆ ಅದನ್ನು ಹರಾಜಿನ ಪಟ್ಟಿಯಲ್ಲಿ ಬರೆದೂ ಹಾಕಿದರು. ಸಂಗ್ರಹ ಮಾಡುವವರಿಗೆ ಅಂಥ ನಾಣ್ಯ ಬೇಡ. ಇನ್ನು ಬರೀ ಚಿನ್ನದ ತೂಕದ ಬೆಲೆ. ಅದರಲ್ಲೂ ಮಾರುವವನಿಂದ ಕಮಿಷನ್ ಮುರಿದುಕೊಳ್ಳುತ್ತಾರೆ.”

“ಭಾವನಿಗೆ ಗೊತ್ತಾದರೆ?”

“ಗೊತ್ತಾಗಬೇಕು. ನಾವೇ ಅದನ್ನು ಕೊಂಡು, ಪುನಃ ಕೊಂಡಿ ಹಾಕಿಸಿ, ಅವನ ಮಗಳ ಮದುವೆಗೆ ಅದನ್ನೇ ಕತ್ತಿಗೆ ಹಾಕಿಕೊಂಡು ಹೋಗುದು. ಅವನ ಎದುರೇ ಕೂತು ಎರಡೆರಡು ಸಲ ಪಾಯಸ ಹಾಕಿಸಿಕೊಳ್ಳುದು.”

ಆಲಂಕಾರು ಸ್ಟಾಪ್ ಬಂತು.

“ಬೇಗ ಇಳಿ ಮಾರಾಯ್ತಿ,” ಎಂದು ಗಂಡನೇ ಮೊದಲು ಎದ್ದ. “ಮನೆಗೆ ಹೋಗಿ ಬಿಡ್ ಹಾಕುವ. ಬೇರೆ ಯಾರಾದರೂ ಹಾರಿಸಿಕೊಂಡು ಹೋದಾರು.”