ಬಳೆಗಾರ್ತಿ ಕೊಡಬೇಕಿದ್ದ ಒಂದು ಬಳೆ

"ಅಜ್ಜೀ, ದಾರಿ ತಪ್ಪಿದೆ. ಗವಿಯ ಸ್ವಾಮಿಗಳ ಹತ್ತಿರ ಹೋಗೋದು ಹೇಗೆ?"

ಹೀಗೆ ಕೇಳಿದವಳು ಯಾರು ಅಂತೀರಾ? ಹೇಳುತ್ತೇನೆ. ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಹೆಸರು ಮರೆತುಹೋದ ಒಂದು ಸೀಮೆ. ಅಲ್ಲೊಬ್ಬಳು ಬಳೆಗಾರ್ತಿ, ಮುದ್ದೀರಿ ಅಂತ. ಬೆನ್ನ ಮೇಲೆ ಬಳೆಯ ಮಲಾರ, ಕಾಲಲ್ಲಿ ಚಕ್ರ. ಈ ಊರಲ್ಲಿ ಉಣ್ಣುವಾಗ ಆಚೆ ಊರಿನ ಸಾರು ನೆನೆಯುವವಳು. ಆ ಕಾಯಿಲೆ ನನಗೂ ಇದೆ, ಅದಕ್ಕೇ ಅವಳನ್ನು ಬೈಯುವುದಿಲ್ಲ.

ಬಯಲಲ್ಲಿ ಕುರಿಯೊಂದನ್ನು ಹಿಡಿದು ಕೂತಿದ್ದ ಅಜ್ಜಿ ತಲೆ ಎತ್ತಿದಳು. "ಸ್ವಾಮಿಗಳ ಹತ್ತಿರ ಏನು ಕೆಲಸ?"

"ಕೈ ನಡುಗುತ್ತೆ ಅಜ್ಜಿ. ತೊಡಿಸೋಕೆ ಹೋದರೆ ಬಳೆ ಒಡೆಯುತ್ತೆ. ಯಾರೂ ಕೈ ಚಾಚೋದಿಲ್ಲ. ಹೀಗೇ ಆದರೆ ಹೊಟ್ಟೆಗೇನು? ತಾಯಿತ ಕಟ್ಟಿಸ್ಕೋಬೇಕು."

"ಈ ಕುರಿ ಕಾಲಲ್ಲಿ ಮುಳ್ಳಿದೆ. ನನ್ನ ಕಣ್ಣಿಗೆ ಕಾಣಲ್ಲ. ಕಿತ್ತುಕೊಡು, ದಾರಿ ಹೇಳ್ತೀನಿ."

ಮುದ್ದೀರಿ ಕುರಿಯ ಕಾಲು ಹಿಡಿದಳು. ಮನಸ್ಸು ಗವಿಯ ಹಾದಿಯಲ್ಲಿತ್ತು. ಕುರಿ ಒದೆಯಿತು.

ಎರಡನೇ ಸಲ ಹಿಡಿದಳು. ಮನಸ್ಸು ತಾಯಿತದಲ್ಲಿತ್ತು. ಕುರಿ ಇನ್ನೂ ಜೋರಾಗಿ ಒದೆಯಿತು.

"ಎಲ್ಲಿದ್ದೀಯೇ?" ಅಂದಳು ಅಜ್ಜಿ.

"ಇಲ್ಲೇ ಇದ್ದೀನಲ್ಲ."

"ಕುರಿಗೆ ಹಾಗನ್ನಿಸಲಿಲ್ಲ ನೋಡು."

ಮುದ್ದೀರಿಗೆ ನಗು ಬಂತು. ಮಲಾರ ಇಳಿಸಿದಳು. ನೆಲದ ಮೇಲೆ ಸರಿಯಾಗಿ ಕೂತಳು. ಮೂರನೇ ಸಲ ಹಿಡಿದಾಗ ಮುಳ್ಳನ್ನು ಹುಡುಕಲೇ ಇಲ್ಲ, ಸುಮ್ಮನೆ ಕಾಲು ಹಿಡಿದುಕೊಂಡಳು. ಕುರಿಯ ಉಸಿರು ಕೇಳಿತು. ತನ್ನದೂ ಕೇಳಿತು. ಬೆರಳ ಕೆಳಗೆ ಬಿಸಿಯಾಗಿ, ಪಟಪಟ ಬಡಿಯುತ್ತಿತ್ತು ನಾಡಿ.

"ತುಂಬಾ ನೋವೇನೇ?" ಎಂದು ಕುರಿಯನ್ನೇ ಕೇಳಿದಳು. ಕುರಿ ಏನು ಹೇಳೀತು? ಕಾಲು ಸಡಿಲ ಬಿಟ್ಟಿತು. ಮುಳ್ಳು ಬಂತು.

ಕೈ ನಡುಗಲಿಲ್ಲ. ಆದರೆ ಕಣ್ಣು ತುಂಬಿತು. ಯಾಕೆ? ಹೀಗೇ ಪಟಪಟ ಬಡಿಯುತ್ತಿದ್ದ ಇನ್ನೊಂದು ನಾಡಿ ನೆನಪಾಗಿತ್ತು. ಚಿಕ್ಕತಾಯಿ ಅನ್ನುವ ಮದುವಣಗಿತ್ತಿಯದು.

ಇಲ್ಲಿ ಕೇಳಿ. ಆ ಸೀಮೆಯ ಬಳೆಗಾರರಿಗೆ ಒಂದು ಕಟ್ಟಳೆ. ತೊಡಿಸುವಾಗ ಬಳೆ ಒಡೆದರೆ "ತಪ್ಪು ನನ್ನ ಕೈಯದು ತಾಯಿ" ಅಂದು, ಅದೇ ಕೈಗೆ ಇನ್ನೊಂದು ತೊಡಿಸಿಯೇ ಏಳಬೇಕು. ಮೂರು ವರ್ಷದ ಹಿಂದೆ ಚಿಕ್ಕತಾಯಿಯ ಬಳೆಶಾಸ್ತ್ರದಲ್ಲಿ ಮುದ್ದೀರಿಯ ಮನಸ್ಸು ಆಚೆ ಊರಿಗೆ ಹೋಗಿತ್ತು. ಹಸಿರು ಬಳೆ ಚಟ್ಟೆಂದಿತು, ಹುಡುಗಿಯ ಕೈಯಲ್ಲಿ ರಕ್ತ. ಎಲ್ಲರೂ ನೋಡುತ್ತಿದ್ದರು. ಹೆಸರು ಕೆಡುತ್ತದೆಂದು ಮುದ್ದೀರಿ ಏನಂದಳು ಗೊತ್ತೇ? "ಈ ಕೈಗೆ ಬಳೆ ನಿಲ್ಲೋದಿಲ್ಲ." ಅಷ್ಟು ಸಾಕಾಯಿತು. ಅಪಶಕುನವೆಂದು ಗಂಡಿನ ಕಡೆಯವರು ಎದ್ದು ಹೋದರು, ಮದುವೆ ಮುರಿಯಿತು. ಮುದ್ದೀರಿಯ ಕೈಗೆ ನಡುಕ ಹತ್ತಿದ್ದೂ ಅವತ್ತಿನಿಂದಲೇ.

ಎಲ್ಲವನ್ನೂ ಅಜ್ಜಿಗೆ ಹೇಳಿದಳು. ಅಜ್ಜಿ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ.

"ಈಗ ಗವಿಗೆ ದಾರಿ ಬೇಕಾ?"

"ಬೇಡ. ವಾಪಸ್ಸು ಹೋಗಬೇಕು. ಆದರೆ ಹೆದರಿಕೆ ಆಗುತ್ತೆ ಅಜ್ಜಿ."

"ಅದನ್ನೂ ಕರ್ಕೊಂಡು ಹೋಗು. ಅದಕ್ಕೇನು ಬೇರೆ ಬುತ್ತಿ ಕಟ್ಟಬೇಕಾ?"

ನಡೆದಳು, ನಡೆದಳು, ನಡೆದಳು. ಈ ಸಲ ಆಚೆ ಊರು ನೆನಪಾದಾಗಲೆಲ್ಲ ತನ್ನ ಹೆಜ್ಜೆಯ ಸದ್ದು ಕೇಳಿಸಿಕೊಂಡಳು. ಚಿಕ್ಕತಾಯಿಯ ಊರ ಬಾವಿಕಟ್ಟೆಗೆ ಬಂದಾಗ ಹೆಂಗಸರೆಲ್ಲ ನೀರು ಸೇದುತ್ತಿದ್ದರು. ಚಿಕ್ಕತಾಯಿಯೂ ಇದ್ದಳು, ಬಳೆಯಿಲ್ಲದ ಬರಿಗೈಯಲ್ಲಿ.

ಮುದ್ದೀರಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವತ್ತು ನಾನಾಡಿದ್ದು ಸುಳ್ಳು. ಈ ಹುಡುಗಿಯ ಕೈಯಲ್ಲಿ ಏನೂ ದೋಷವಿಲ್ಲ. ತಪ್ಪು ನನ್ನ ಕೈಯದು ತಾಯಿ."

ಹಗ್ಗ ಎಳೆಯುತ್ತಿದ್ದ ಕೈಗಳೆಲ್ಲ ನಿಂತವು. ಚಿಕ್ಕತಾಯಿ ಕೊಡ ತುಂಬಿಸಿದಳು, ಕೆಳಗಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು.

"ಬಾಯಿ ತೆರೆಯೋಕೆ ಮೂರು ವರ್ಷ ಬೇಕಾಯ್ತಾ ಅಕ್ಕಾ?"

"ಬೇಕಾಯ್ತು. ಬೈಯಮ್ಮ, ಕೂತು ಕೇಳ್ತೀನಿ."

ಮನಸ್ಸು ತಣಿಯುವವರೆಗೆ ಬೈದಳು ಚಿಕ್ಕತಾಯಿ. ಮುದ್ದೀರಿ ಎದ್ದು ಓಡಲಿಲ್ಲ. ಕೊನೆಗೆ ಹುಡುಗಿ ಕಟ್ಟೆಯ ಮೇಲೆ ಕೂತು ಕೈ ಚಾಚಿದಳು. ಹಳೆಯ ಗಾಯದ ಗೆರೆ ಇನ್ನೂ ಇತ್ತು. ಮುದ್ದೀರಿ ಆ ಕೈಯನ್ನು ಹಿಡಿದುಕೊಂಡಳು. ಅದು ಸಡಿಲವಾಗುವ ತನಕ ಕಾದಳು. ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತಿ, ಗೆರೆಯನ್ನು ದಾಟಿಸಿ, ಕೊಡಬೇಕಿದ್ದ ಹಸಿರು ಬಳೆಯನ್ನು ತೊಡಿಸಿದಳು.

ಬಳೆ ಅವಳ ಕೈಗೆ, ಮುಳ್ಳು ಬೇಲಿಗೆ, ಕಥೆ ನಿಮ್ಮ ಪಾಲಿಗೆ.